ಇನ್ನೂ ರಿಲೀಸ್ ಆಗದ ಹಾಡು

ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯ ಗ್ರಾಂಟ್ ರೋಡಿನ ಒಂದು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ. ವಿಜಾಪುರದ ಇಮಾಮ್‌ಸಾಬರು ನಮ್ಮ ಮಾಸ್ತರು. ಸ್ವಂತ ಮಾರ್ಚ್ ಧಾಟಿಗಳನ್ನು ಕಟ್ಟಿ ನಮಗೆಲ್ಲ ಕಲಿಸಿದ್ದರು, ಆದರೆ ಕೇಳುವವರೇ ಇರಲಿಲ್ಲ. ಎಲ್ಲರಿಗೂ ಹೊಸ ಸಿನಿಮಾದ ಹಾಡೇ ಬೇಕು.

ಬೊರಿವಲಿಯ ಮದುವೆಯೊಂದರಲ್ಲೂ ಅದೇ ಕತೆ. ಸಿನಿಮಾ ಹಾಡು ಶುರುವಾದದ್ದೇ ತಡ, ಹುಡುಗರು ರಸ್ತೆ ನಡುವೆ ಕುಣಿಯತೊಡಗಿದರು. ಮೆರವಣಿಗೆ ಸ್ಟೇಷನ್ ಎದುರು ನಿಂತದ್ದು ಅಲ್ಲಾಡಲೇ ಇಲ್ಲ. ಮೈಸೂರು ಕಡೆಯವರಾದ ವರನ ತಂದೆ ಬೆವರೊರೆಸಿಕೊಳ್ಳುತ್ತಾ ಓಡಿ ಬಂದರು.

“ಮಾಸ್ತರೇ, ಮುಹೂರ್ತ ಮೀರಿಹೋಗುತ್ತೆ! ಹೇಗಾದ್ರೂ ಮಾಡಿ ಇವರನ್ನ ನಡೆಸಿ.”

ಇಮಾಮ್‌ಸಾಬರು ನಮ್ಮತ್ತ ತಿರುಗಿ, “ನಮ್ಮ ಮಾರ್ಚ್ ಹಿಡೀರಪಾ. ಅದನ್ನ ನಡಿಯಾಕಂತನ ಕಟ್ಟೇನಿ,” ಅಂದರು.

ಕುಣಿಯುತ್ತಿದ್ದ ಕಾಲುಗಳು ತಮಗೇ ಗೊತ್ತಿಲ್ಲದೆ ನಡೆಯತೊಡಗಿದವು. ಅಷ್ಟರಲ್ಲಿ ವರನ ಅಜ್ಜಿ ಹಿಂದುಳಿದರು. ಮಾಸ್ತರು ಅವರ ಪಾದಗಳನ್ನೇ ನೋಡುತ್ತಾ ತಾಳ ಹಾಕುವ ಕೈ ನಿಧಾನಿಸಿದರು. ಡೋಲು ತಗ್ಗಿತು, ಇಡೀ ದಿಬ್ಬಣ ಅಜ್ಜಿಯ ಜೊತೆ ಹೆಜ್ಜೆ ಹಾಕಿತು. ಹಾಗೆ ನಡೆದೂ ಸಮಯಕ್ಕೆ ಸರಿಯಾಗಿ ಮಂಟಪ ಸೇರಿದೆವು.

ಬಾಗಿಲಲ್ಲಿ ಅಜ್ಜಿ ಮಾಸ್ತರ ಮುಂದೆ ನಿಂತು, “ಎಷ್ಟು ಚೆನ್ನಾಗಿತ್ತಪ್ಪಾ! ಯಾವ ಸಿನಿಮಾದ್ದು?” ಎಂದು ಕೇಳಿದರು.

ಈಗಲಾದರೂ ಸ್ವಂತದ್ದೆಂದು ಹೇಳಿಯಾರು ಎಂದು ಕಾದೆ. ಅವರು ಟೊಪ್ಪಿಗೆ ತೆಗೆದು ನಕ್ಕರು.

“ಇನ್ನಾ ರಿಲೀಸ್ ಆಗಿಲ್ರೀ, ಅಮ್ಮಾ.”

ನನಗೆ ಸಿಟ್ಟೇ ಬಂತು. ಆದರೆ ಮುಂದಿನ ಮದುವೆಯಿಂದಲೇ ಜನ “ಆ ಹೊಸ ಸಿನಿಮಾದ ಹಾಡು ಬಾರಿಸಿ” ಎನ್ನತೊಡಗಿದರು. ನಾವು ಬಾರಿಸಿದ್ದೇ ಬಾರಿಸಿದ್ದು. ಸಿನಿಮಾ ಮಾತ್ರ ಇವತ್ತಿನವರೆಗೂ ಬಂದಿಲ್ಲ.