ಪತ್ರಿ ಗಿಡದ ಎಲೆ ಒರೆಸುವ ವಿಷಯ

ಘನಮಾನ್ಯ ವಾಚಕರ ಸನ್ನಿಧಿಗೆ ಸವಿನಯ ಅರಿಕೆ ಏನೆಂದರೆ, ಈ ಬರಹದಲ್ಲಿ ಒತ್ತಕ್ಷರಗಳು ಸ್ಥಾನಪಲ್ಲಟಗೊಂಡಿದ್ದರೆ, ಸಾಲುಗಳು ಬಲದಿಂದ ಎಡಕ್ಕೆ ವಾಲಿದಂತೆ ಕಂಡರೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ನಾನು ಓದಿದ್ದು ನಿಜಾಮರ ಕಾಲದ ಚಿತ್ತಾಪುರದ ಉರ್ದು ಮದರಸೆಯಲ್ಲಿ. ಬರೆದು ಪಳಗಿದ್ದು ತಹಸೀಲ ಕಚೇರಿಯ ಅರ್ಜಿ, ಜವಾಬು, ಕೈಫಿಯತ್ತುಗಳನ್ನು. ಕನ್ನಡದಲ್ಲಿ ಅಚ್ಚಿಗೆಂದು ಲೇಖನಿ ಹಿಡಿದದ್ದು ಇದೇ ಮೊದಲು.

ವಿಷಯವೇನೆಂದರೆ, ನಾನು ಪ್ರತಿದಿನ ಮುಂಜಾನೆ ಒದ್ದೆ ಅರಿವೆಯಿಂದ ಅಂಗಳದ ಗಿಡಗಳ ಎಲೆ ಒರೆಸುತ್ತೇನೆ. “ಸಾಹೇಬ್ರ, ಗಿಡಕ್ಕ ಮಾರಿ ತೊಳಿಯಾಕತ್ತೀರೇನ್ರಿ? ಹಂಗೇ ಜರಾ ಎಣ್ಣಿ ಹಚ್ಚಿ ತಲಿನೂ ಬಾಚ್ರಿ” ಎಂದು ಎದುರುಮನೆಯ ಹೆಣ್ಣುಮಗಳು ನಿನ್ನೆಯೂ ನಕ್ಕು ಹೋದಳು. ಸದರಿ ಆಕ್ಷೇಪಣೆಗೆ ಜವಾಬು ಸಲ್ಲಿಸುವುದೇ ಈ ಬರಹದ ಉದ್ದೇಶ.

ಆಗ ನಮ್ಮ ಮನೆ ವಾಡಿಯ ಹತ್ತಿರದ ರಾವೂರಿನಲ್ಲಿತ್ತು. ನಾನು ಚಿತ್ತಾಪುರದ ಕಚೇರಿಯಲ್ಲಿ ಹೊಸ ಕಾರಕೂನ. ಜುಮ್ಮಾದ, ಅಂದರೆ ಶುಕ್ರವಾರದ, ರಜೆಗೆ ಊರಿಗೆ ಬರುತ್ತಿದ್ದೆ. ಮನೆಯಲ್ಲಿದ್ದವಳು ಅವ್ವನೊಬ್ಬಳೇ. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಹಿತ್ತಲಲ್ಲಿ ಒಂದು ಬಿಲ್ವದ ಸಸಿ ನೆಟ್ಟಿದ್ದರು. ನಮ್ಮ ಕಡೆಯ ಮಾತಿನಲ್ಲಿ ಪತ್ರಿ ಗಿಡ. ಅದರಿಂದ ಅಂದಂದೇ ಕಿತ್ತ ಒಂದು ಎಲೆಯನ್ನು ಇಷ್ಟಲಿಂಗಕ್ಕೆ ಏರಿಸದ ಹೊರತು ಅವ್ವ ಬಾಯಿಗೆ ನೀರು ಸಹ ಹಾಕುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಹಿಡಿದ ನೇಮವದು.

ಆ ವರ್ಷ ಬನ್ನಿಹಬ್ಬ ಮುಗಿದು ಮಳೆ ನಿಂತ ಮೇಲೆ, ಹಿತ್ತಲ ಗೋಡೆಯಾಚೆ ನೆಲಕ್ಕೆ ಹಾಸುವ ಫರಸಿಕಲ್ಲು ಕಡಿದು ಕೆತ್ತುವ ಕೆಲಸ ಶುರುವಾಯಿತು. ಕಲ್ಲಿನ ಬಿಳಿ ಧೂಳು ದಿನವಿಡೀ ಹಾರಿಬಂದು ಎಲೆಗಳ ಮೇಲೆ ನುಣ್ಣಗೆ ಕೂತಿತು. ಬೇರೆ ಊರಿನವರಾದರೆ ಬೈಯುತ್ತಿದ್ದರು, ಅವ್ವ ಕೈಮುಗಿದಳು. “ನೋಡೋ ತಮ್ಮಾ, ನಿಮ್ಮಪ್ಪನ ಗಿಡ ವಿಭೂತಿ ಧರಿಸ್ಯಾದ!” ಓಣಿಯ ನಾಲ್ಕು ಮಂದಿಯೂ ಬಂದು ಕೈಮುಗಿದರು. ಮದರಸೆಯಲ್ಲಿ ವಿಜ್ಞಾನ ಓದಿದ್ದ ಈ ಕೆಳಗೆ ಸಹಿ ಮಾಡಿದವನೂ ಕೈಮುಗಿದನೆಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಎರಡು ತಿಂಗಳಲ್ಲಿ ಗಿಡ ಬಿಳಿಚಿಕೊಂಡಿತು. ಎಲೆಗಳು ಹಳದಿಯಾಗಿ ಉದುರತೊಡಗಿದವು. ಉಳಿದ ಎಲೆಗಳಷ್ಟೇ ಅವ್ವನ ಊಟಗಳು ಉಳಿದಿದ್ದವು ಎಂಬುದು ನನಗೆ ಹೊಳೆದಾಗ, ನಮ್ಮ ಮದರಸೆಯ ಮಾಸ್ತರ ಸಾಹೇಬರ ಪಾಠ ನೆನಪಾಯಿತು.

ಉರ್ದುವಿನಲ್ಲಿ ಅವರು ಅದಕ್ಕೆ ‘ಜಿಯಾಯಿ ತಾಲೀಫ್’ ಎನ್ನುತ್ತಿದ್ದರು. ಕನ್ನಡದಲ್ಲಿ ದ್ಯುತಿಸಂಶ್ಲೇಷಣೆಯೆಂದು ನಾನು ತಿಳಿದದ್ದು ಬಹಳ ತಡವಾಗಿ. ಬೇರು ಮೇಲಕ್ಕೆ ಕಳಿಸಿದ ನೀರನ್ನೂ, ಎಲೆಯ ಕಣ್ಣಿಗೆ ಕಾಣದ ರಂಧ್ರಗಳಿಂದ ಒಳಬಂದ ಇಂಗಾಲಾಮ್ಲ ವಾಯುವನ್ನೂ ಎಲೆಯೊಳಗಿನ ಹಸಿರು ದ್ರವ್ಯವು ಬಿಸಿಲಿನ ಬಲದಿಂದ ಕೂಡಿಸಿ ಸಕ್ಕರೆ ಮಾಡುತ್ತದೆ. ಹೆಚ್ಚಾದ ಪ್ರಾಣವಾಯುವನ್ನು ನಮಗೆ ಬಿಟ್ಟುಕೊಡುತ್ತದೆ. ಬೆಳಕು ಆ ಸಕ್ಕರೆಯೊಳಗೆ ಶಕ್ತಿಯಾಗಿ ಅಡಗಿ ಕೂಡುತ್ತದೆ. ನಾವು ವರ್ಷದ ಎಂಟು ತಿಂಗಳು ಬೈಯುವ ಈ ಬಿಸಿಲೇ ಜೋಳದ ರೊಟ್ಟಿಯಾಗಿ ಗಂಗಾಳಕ್ಕೆ ಬರುತ್ತದೆ, ಜಾಲಿಯ ಕಟ್ಟಿಗೆಯಾಗಿ ಒಲೆಯಲ್ಲಿ ಮತ್ತೆ ಉರಿಯುತ್ತದೆ. ವಾಡಿ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ತುಂಬುವ ಕಲ್ಲಿದ್ದಲೂ ಯಾವುದೋ ಕಾಲದಲ್ಲಿ ಹುಗಿದುಹೋದ ಅಡವಿಯ ಬಿಸಿಲೇ; ಹಾಗಾಗಿ ನಾನು ಪ್ರತಿ ವಾರ ಊರಿಗೆ ಬರುತ್ತಿದ್ದದ್ದೂ ಸೂರ್ಯನ ಖರ್ಚಿನಲ್ಲಿಯೇ.

ಇದನ್ನೆಲ್ಲ ಅವ್ವನಿಗೆ ಕ್ರಮವಾಗಿ ನಿವೇದಿಸಿಕೊಂಡೆ. ಎಲೆಯೇ ಗಿಡದ ಅಡುಗೆಮನೆ, ಧೂಳು ಕೂತರೆ ಬೆಳಕು ಒಳಗೆ ಬರುವುದಿಲ್ಲ, ಒರೆಸೋಣ ಎಂದೆ.

“ವಿಭೂತಿ ಒರೆಸ್ತಿ? ಕಚೇರಿಗೆ ಹೋಗಿ ಹೋಗಿ ಗಿಡದ ಮ್ಯಾಲೂ ಮಿಸಲ್ ಬರಿಯೂ ಚಟ ಹತ್ಯಾದ ನಿನಗ.”

“ಹಂಗಾದರ ನಾಲವಾರ ಮಠದಿಂದ ಪತ್ರಿ ತರ್ತೀನವ್ವ, ರೈಲಿನಾಗ ಎಷ್ಟೊತ್ತಿನ ದಾರಿ?”

“ಅದು ಮಠದ್ದು. ನನಗ ನಿಮ್ಮಪ್ಪ ಹಚ್ಚಿದ್ದೇ ಬೇಕು” ಎಂದು ಅವ್ವ ಆ ಮಿಸಲಿನ ಕಡತ ಮುಚ್ಚಿಬಿಟ್ಟಳು.

ಇನ್ನು ಅಪರಾಧದ ತಪ್ಪೊಪ್ಪಿಗೆ. ಅಂದಿನಿಂದ ಪ್ರತಿ ಜುಮ್ಮಾದ ಮುಂಜಾನೆ, ಅವ್ವ ಬಾವಿಗೆ ಹೋದ ಹೊತ್ತಿನಲ್ಲಿ, ಗೋಡೆಯ ಮೂಲೆಯ ಒಂದೇ ಒಂದು ಟೊಂಗೆಯ ಎಲೆಗಳನ್ನು ನಾನು ಒದ್ದೆ ಅರಿವೆಯಿಂದ ಒರೆಸಿದೆ. ಇಡೀ ಗಿಡ ಒರೆಸುವ ಧೈರ್ಯ ಬರಲಿಲ್ಲ.

ಸಂಕ್ರಾಂತಿ ಸಮೀಪಿಸಿದ ಒಂದು ಜುಮ್ಮಾ. ಸ್ನಾನ ಮಾಡಿ ಪತ್ರಿಗೆಂದು ಹೋದ ಅವ್ವ ಬರಿಗೈಲಿ ಬಂದಳು. ವಿಭೂತಿ ಧರಿಸಿದ್ದ ಟೊಂಗೆಗಳೆಲ್ಲ ಬೋಳಾಗಿದ್ದವು. ಮೂಲೆಯ ಟೊಂಗೆ ಮಾತ್ರ ಹಸಿರಾಗಿ ನಿಂತಿತ್ತು. “ಖರೇ ಹೇಳು, ಆ ಟೊಂಗಿಗೆ ಏನ್ ಮಾಡಿದಿ?” ಎಂದಳು. ಹೇಳಿದೆ. ಅವ್ವ ಬೈಯಲಿಲ್ಲ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಮಗನು ವಿಭೂತಿ ಅಳಿಸಿದ ಎಲೆ ಲಿಂಗಕ್ಕೆ ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಲು ನಮ್ಮ ಕಚೇರಿಯಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಮಧ್ಯಾಹ್ನವಾಯಿತು. ಅವಳ ತುಟಿ ಒಣಗಿತ್ತು. ನಾನೂ ಉಣ್ಣದೆ ಹೊಸ್ತಿಲಲ್ಲಿ ಕೂತೆ.

ಕಡೆಗೆ ಎದ್ದು ಬಂದು ಗಿಡದ ಮುಂದೆ ನಿಂತಳು. ತನ್ನ ಹಣೆಯನ್ನೊಮ್ಮೆ ಮುಟ್ಟಿಕೊಂಡಳು, ಬಾಯಿಯನ್ನೊಮ್ಮೆ. “ಎಲಿ ಅಂದರ ಗಿಡದ ಬಾಯಿ ಅಂದ್ಯಲ್ಲ?”

“ಅಡಗಿಮನಿ ಅಂದೆ ಅವ್ವಾ.”

“ಎರಡೂ ಒಂದೇ ಹೋಗೋ. ವಿಭೂತಿ ಹಣಿಗಿ ಹಚ್ಚಬೇಕು, ಬಾಯಿಗಿ ಯಾರ ಬಳಕೊಂತಾರ? ಪಾಪ, ಅದಕ್ಕ ಉಪಾಸ ಕೆಡವಿ ನಾ ಉಣ್ಣಾಕತ್ತಿದ್ದೆ.”

ಒಳಗಿನಿಂದ ವಿಭೂತಿ ಗಟ್ಟಿ ತಂದು ಗಿಡದ ಬೊಡ್ಡೆಗೆ ಮೂರು ಬೆರಳಿನಿಂದ ಎಳೆದಳು. ಆಮೇಲೆ ಸೆರಗು ಒದ್ದೆ ಮಾಡಿ, ಹಸಿರು ಟೊಂಗೆಯ ಒಂದೊಂದೇ ಎಲೆಯನ್ನು ಕೂಸಿನ ಬಾಯಿ ಒರೆಸುವಂತೆ ಒರೆಸಿ, ಒಂದನ್ನು ಕಿತ್ತಳು. ಅಂದು ನಾವಿಬ್ಬರೂ ರೊಟ್ಟಿ ತಿನ್ನುವಾಗ ಬಿಸಿಲು ವಾಲಿತ್ತು. ಯುಗಾದಿ ಕಳೆದ ಮೇಲೆ ಬೋಳು ಟೊಂಗೆಗಳೂ ಚಿಗುರಿದವು. ಅವ್ವ ಇರುವತನಕ ಒಂದು ದಿನವೂ ನೇಮ ತಪ್ಪಲಿಲ್ಲ.

ಈಗ ಅವ್ವನಿಲ್ಲ, ಆ ಹಿತ್ತಲೂ ನಮ್ಮದಲ್ಲ. ನನ್ನ ಅಂಗಳದಲ್ಲಿರುವುದು ಎರಡು ದಾಸವಾಳ, ಒಂದು ಕರಿಬೇವು. ಕೂಡುವುದು ಬಸ್ಸು ಎಬ್ಬಿಸಿದ ಕೆಂಪು ಧೂಳು. ಆದರೂ ಮುಂಜಾನೆ ಅರಿವೆ ಒದ್ದೆ ಮಾಡುತ್ತೇನೆ. ಎದುರುಮನೆಯ ತಂಗಿಗೆ ಸಲ್ಲಿಸುವ ಜವಾಬು ಇಷ್ಟೇ: ಮಾರಿ ತೊಳೆಯುತ್ತಿಲ್ಲ ತಾಯಿ, ಅದು ಉಣ್ಣಲೆಂದು ಬಾಯಿ ಒರೆಸುತ್ತಿದ್ದೇನೆ.

ಈ ಕಾಗದದ ಮೇಲೂ ನನ್ನ ತಪ್ಪುಗಳ ಧೂಳು ಅಲ್ಲಲ್ಲಿ ಕೂತಿರಬಹುದು. ಕಂಡಲ್ಲಿ ದಯಮಾಡಿ ತಾವೇ ಒರೆಸಿಕೊಳ್ಳಬೇಕು. ಅವ್ವ ಒರೆಸಿದ ಹಾಗೆ, ಎಲೆ ಹರಿಯದಂತೆ.