ಅರ್ಧ ಬಚ್ಚಲಿನ ಮೇಸ್ತ್ರಿ

ಬೆಳಗ್ಗೆ ಆರೂಕಾಲು. ಪಚೂಕಾ ಊರಿನ ಗಾಳಿ ಆಗಲೇ ಎದ್ದು ಗುಡ್ಡದ ಮೇಲಿನ ತಗಡುಗಳನ್ನೆಲ್ಲ ಬಡಿಯುತ್ತಿದೆ. ಒಂದು ವಠಾರದ ಮಹಡಿ ಮನೆಯಲ್ಲಿ, ಅಡುಗೆಮನೆಯ ಹಿಂದಿನ ಕಿಷ್ಕಿಂಧೆಯಂಥ ಜಾಗದಲ್ಲಿ, ಕ್ರಿಸ್ಪಿನಾ ಓಲ್ವೆರಾ ಮಂಡಿಯೂರಿ ಕೂತಿದ್ದಾರೆ. ಹೊಸ ಟೈಲ್ಸ್ ನೆಲದ ಮೇಲೆ ಒಂದು ಮಗ್ ನೀರು ಸುರಿದು, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಒಂದೇ ಕಣ್ಣಲ್ಲಿ ನೋಡುತ್ತಾರೆ. ನೀರು ಒಂದು ಗಳಿಗೆ ನಿಂತು ಮೂಲೆಯ ಜಾಲರಿಯ ಕಡೆ ಹೊರಡುತ್ತದೆ.

"ಹೊರಡ್ತು ನೋಡು ಮಗಳೇ," ಅನ್ನುತ್ತಾರೆ, ಅವರ ಕೆಲಸ ನೋಡಿ ಬರೆಯಲು ಬಂದ ನನಗೆ, ತಲೆ ಎತ್ತದೆ. "ನೀರಿಗೆ ನಾವು ದಾರಿ ತೋರಿಸ್ದಿದ್ರೆ ಅದೇ ಹುಡುಕ್ಕೊಳತ್ತೆ. ಆಮೇಲೆ ಕೆಳಗಿನ ಮನೆಯವ್ರು ಕೋಲು ಹಿಡ್ಕೊಂಡು ಹತ್ತಿ ಬರ್ತಾರೆ."

ಕ್ರಿಸ್ಪಿನಾಗೆ ಐವತ್ತೊಂಬತ್ತು ವರ್ಷ. ಇಪ್ಪತ್ತಾರು ವರ್ಷಗಳಿಂದ ಮಾಡುತ್ತಿರುವುದು ಒಂದೇ ಬಗೆಯ ಕೆಲಸ: ಪುಟ್ಟ ಮನೆಗಳಲ್ಲಿ ಕಮೋಡು, ಕೈತೊಳೆಯುವ ಬೇಸಿನ್, ಬಟ್ಟೆ ಒಗೆಯುವ ಮೆಷಿನ್ ಮೂರನ್ನೂ ಒಂದೇ ಗೂಡಿಗೆ ಸೇರಿಸುವುದು. ಸ್ನಾನಕ್ಕೆ ಜಾಗವಿಲ್ಲದ ಬಚ್ಚಲಾದ್ದರಿಂದ ನಮ್ಮಲ್ಲಿ ಇದಕ್ಕೆ ಅರ್ಧ ಬಚ್ಚಲು ಅಂತಲೇ ಹೆಸರು. ಗುಡ್ಡದ ಜನ ಅವರನ್ನು ಮೇಸ್ತ್ರಿ ಅನ್ನುತ್ತಾರೆ. ಗಂಡಸು ಮೇಸ್ತ್ರಿಗಳು ಈ ಕೆಲಸವನ್ನು ಮುಟ್ಟುವುದಿಲ್ಲ. ಅವರಿಗೆ ಬಂಗಲೆ ಬೇಕು, ಮಾಳಿಗೆ ಬೇಕು! ಒಂದೂವರೆ ಮೀಟರ್ ಅಗಲದಲ್ಲಿ ಮೊಣಕಾಲು ತರಚಿಕೊಳ್ಳಲು ಯಾವ ಮೀಸೆ ಬಗ್ಗುತ್ತದೆ?

ಈ ಕೆಲಸದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೆಷಿನಿನ ಕೊಳೆನೀರಿನ ಪೈಪನ್ನು ಕಮೋಡಿನ ಪೈಪಿಗೆ ಹತ್ತಿರದಲ್ಲೇ ಸಿಕ್ಕಿಸಿ ಕೈತೊಳೆದುಕೊಳ್ಳುತ್ತಾರೆ. ಮೆಷಿನ್ ಒಮ್ಮೆಲೇ ನೀರು ಉಗುಳಿದಾಗ ಕಮೋಡು ಗುಳುಗುಳು ಅನ್ನುತ್ತದೆ, ಅದರೊಳಗೆ ನಿಂತ ನೀರನ್ನು ಪೈಪು ಎಳೆದುಕೊಳ್ಳುತ್ತದೆ, ಮನೆಯೆಲ್ಲ ನಾತ. ಕ್ರಿಸ್ಪಿನಾ ಎರಡು ಪೈಪುಗಳನ್ನೂ ಬೇರೆಬೇರೆಯಾಗಿಯೇ ಕೆಳಗಿಳಿಸುತ್ತಾರೆ. ಉಸಿರಾಡಲೆಂದು ಮೂರನೆಯದೊಂದನ್ನು ಚಾವಣಿಗೆ ಹತ್ತಿಸುತ್ತಾರೆ. ಮೆಷಿನಿಗೆ ಒಂದು ಗೇಣು ಎತ್ತರದ ಕಟ್ಟೆ, ಬಾಗಿಲು ಹೊರಕ್ಕೆ ತೆರೆಯಬೇಕು, ಬೇಸಿನ್ನಿನ ಪಕ್ಕ ಬಟ್ಟೆ ಉಜ್ಜಲು ಅಂಗೈಯಗಲದ ಗೀರುಗಲ್ಲು. "ಕಾಲರ್ ಕೊಳೆ ಮೆಷಿನ್ನಿಗೆ ಹೋಗಲ್ಲ," ಅನ್ನುತ್ತಾರೆ. "ಅದಕ್ಕೆ ಕೈಯೇ ಬೇಕು."

ಅಳತೆಗೆ ಅವರು ಟೇಪನ್ನೊಂದೇ ನಂಬುವುದಿಲ್ಲ. ಮನೆಯೊಡತಿಯನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರಿಸಿ, ಮೊಣಕಾಲು ಎಲ್ಲಿಗೆ ಬರುತ್ತದೋ ಅಲ್ಲಿ ಪೆನ್ಸಿಲ್ ಗೀಟು ಎಳೆಯುತ್ತಾರೆ. ಈ ಮನೆಯಲ್ಲಿ ಸೋಮವಾರ ಆ ಬಕೆಟ್ಟಿನ ಮೇಲೆ ಕೂತವರು ದೋನ್ಯಾ ಎದುವಿಹೆಸ್.

"ಕೂತ್ಕೊಳಿ ಕೊಮಾದ್ರೆ, ನಾಚ್ಕೊಂಡು ಸಾಯ್ಬೇಡಿ."

"ಇದೇನ್ರೀ, ಈ ವಯಸ್ಸಲ್ಲಿ ನನ್ನ ಸಿಂಹಾಸನಕ್ಕೆ ಅಳತೆ ತಗೋತೀರಾ?"

"ಸಿಂಹಾಸನ ಸಣ್ಣದೇ. ಕೂರೋ ರಾಣಿನೇ ಅಗಲ."

ಇಬ್ಬರೂ ಬಾಯಿಗೆ ಶಾಲಿನ ತುದಿ ಒತ್ತಿಕೊಂಡು ನಗುತ್ತಾರೆ, ಶಾಲಾ ಹುಡುಗಿಯರಂತೆ. ಸದ್ದು ಮಾಡಿ ನಗುವ ಹಾಗಿಲ್ಲ. ಪಕ್ಕದ ಕೋಣೆಯಲ್ಲಿ ದೋನ್ಯಾ ಎದುವಿಹೆಸ್‌ರ ಗಂಡ, ದೋನ್ ಬಾಲ್ದೊಮೇರೊ ಇದ್ದಾರೆ.

ಕ್ರಿಸ್ಪಿನಾ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡವರು ಎದುವಿಹೆಸ್. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಆಮೇಲೆ ಕ್ರಿಸ್ಪಿನಾ ಗಂಡ ತಾಚೊಗೂ ಬಾಲ್ದೊಮೇರೊಗೂ ಒಂದು ಗೋಡೆಯ ವಿಚಾರಕ್ಕೆ ಮಾತಿಗೆ ಮಾತು ಬೆಳೆಯಿತು. ತಾಚೊ ತೀರಿಕೊಂಡು ಹನ್ನೊಂದು ವರ್ಷವಾದರೂ ಬಾಲ್ದೊಮೇರೊ ಹಟ ಬಿಟ್ಟಿಲ್ಲ. ಸತ್ತವನ ಮೇಲೆ ಎಂಥಾ ಜಗಳವೋ! ಇಪ್ಪತ್ತು ವರ್ಷಗಳಿಂದ ಕ್ರಿಸ್ಪಿನಾ ಈ ಹೊಸ್ತಿಲು ದಾಟಿರಲಿಲ್ಲ.

ದಾಟುವ ಅಗತ್ಯವೂ ಇರಲಿಲ್ಲ ಅನ್ನಿ. ಕೆಳಗೆ ವಠಾರದ ಅಂಗಳದಲ್ಲಿ ಏಳು ಒಗೆಯುವ ಕಲ್ಲುಗಳಿವೆ. ಶನಿವಾರ ಬೆಳಗ್ಗೆ ಕೊನೆಯ ಎರಡು ಕಲ್ಲು ಇವರಿಬ್ಬರದು. ಒಗೆಯುವ ಕಲ್ಲಿನ ಹತ್ತಿರ ಯಾರು ಯಾರೊಡನೆ ಮಾತಾಡಿದರೂ ಗಂಡಸರು ಕೇಳುವಂತಿಲ್ಲ, ಅದು ನಮ್ಮ ಕಡೆಯ ರೂಢಿ. ಸೊಸೆಯಂದಿರ ದೂರು, ಮೂಳೆಯ ನೋವು, ಮುಟ್ಟು ನಿಂತ ಮೇಲಿನ ಸೆಕೆ, ತಾಚೊನ ಕೊನೆಯ ದಿನಗಳು, ಎಲ್ಲವನ್ನೂ ಇಬ್ಬರೂ ಸೋಪಿನ ನೊರೆಯಲ್ಲೇ ಆಡಿ ಮುಗಿಸಿದವರು.

ಒಂದೊಂದೇ ಮನೆಗೆ ಮೆಷಿನ್ ಬಂತು. ಒಂದೊಂದೇ ಕಲ್ಲು ಒಣಗಿತು. ಐದು ಮನೆಗಳಿಗೂ ಅರ್ಧ ಬಚ್ಚಲು ಕಟ್ಟಿಕೊಟ್ಟವರು ಯಾರು? ಇದೇ ಕ್ರಿಸ್ಪಿನಾ. "ನನ್ನ ಕೈಯಾರೆ ನಾನೇ ಅಂಗಳ ಖಾಲಿ ಮಾಡ್ದೆ," ಅನ್ನುತ್ತಾರೆ, ಸಿಮೆಂಟು ಕಲಸುತ್ತ. ನಿಮ್ಮ ಮನೆಯಲ್ಲೇಕೆ ಮೆಷಿನ್ ಇಲ್ಲ ಅಂದರೆ ನನ್ನನ್ನು ಹುಚ್ಚಿಯೇನೋ ಎಂಬಂತೆ ನೋಡುತ್ತಾರೆ. "ಮನೆ ಒಳಗೆ ಒಗದ್ರೆ ಮಾತಾಡೋದು ಯಾರ ಹತ್ರ? ಗೋಡೆ ಹತ್ರನಾ?"

ಕಳೆದ ಡಿಸೆಂಬರಿನಲ್ಲಿ ಎದುವಿಹೆಸ್ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮೂವತ್ತೊಂದು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿತು. ಇನ್ನು ಮೆಟ್ಟಿಲಿಳಿಯಕೂಡದು ಅಂದರು ಡಾಕ್ಟರು. ಬಾಲ್ದೊಮೇರೊ ಮೂವರು ಮೇಸ್ತ್ರಿಗಳನ್ನು ಕರೆಸಿದರು, ಮೂವರೂ ಜಾಗ ನೋಡಿ ತಲೆಯಾಡಿಸಿ ಹೋದರು. ಕೊನೆಗೆ ಅವರೇ ಹ್ಯಾಟು ಕೈಲಿ ಹಿಡಿದು ಕ್ರಿಸ್ಪಿನಾ ಬಾಗಿಲಿಗೆ ಬಂದು ನಿಂತರಂತೆ.

ಐದು ದಿನದ ಕೆಲಸ. ಒಬ್ಬರೇ ಒಡೆದು, ಒಬ್ಬರೇ ಹೊತ್ತು, ದಿನಕ್ಕೆ ನಲವತ್ತು ಬಕೆಟ್ ಮಣ್ಣು ಕೆಳಗಿಳಿಸುತ್ತಾರೆ. ಹತ್ತು ಗಂಟೆಗೆ ಎದುವಿಹೆಸ್ ಬಿಸಿ ಅತೋಲೆ ತಂದುಕೊಟ್ಟು, ಕೋಲೂರಿ ಅಲ್ಲೇ ನಿಲ್ಲುತ್ತಾರೆ. ಕ್ರಿಸ್ಪಿನಾ ಜೋಳದ ಗಂಜಿಯ ಲೋಟ ಎರಡೂ ಕೈಯಲ್ಲಿ ಹಿಡಿದು ಆದಷ್ಟು ನಿಧಾನವಾಗಿ ಕುಡಿಯುತ್ತಾರೆ. ಈ ಐದು ದಿನ ಆದ ಮೇಲೆ ಇವರಿಬ್ಬರೂ ಎಲ್ಲಿ ಕೂತು ಮಾತಾಡಬೇಕು? ಅದು ಇಬ್ಬರಿಗೂ ಗೊತ್ತಿಲ್ಲ.

ಗುರುವಾರ ಎದುವಿಹೆಸ್ ಕ್ರಿಸ್ಪಿನಾರ ಕಿವಿಯಲ್ಲಿ ಉಸುರಿದ್ದು ನನಗೂ ಕೇಳಿಸಿತು. "ಬೇಸಿನ್ ಕೆಳಗಿನ ಆ ನಟ್ಟು ಇದೆಯಲ್ರೀ, ಒಂಚೂರು ಸಡಿಲ ಬಿಟ್ಬಿಡಿ. ತಿಂಗಳಿಗೊಂದ್ಸಲ ಸೋರ್ಲಿ. ಇವ್ರೇ ಓಡಿ ಬಂದು ನಿಮ್ಮನ್ನ ಕರೀತಾರೆ."

"ತಲೆ ಕೆಟ್ಟಿದೆಯಾ ನಿಮಗೆ?"

"ಕೆಟ್ಟಿದೆ. ನೀವಿಲ್ದೆ ನಾನು ಇಲ್ಲಿ ಯಾರ ಮುಖ ನೋಡ್ಕೊಂಡಿರ್ಲಿ, ಹೇಳಿ?"

ಆ ದಿನ ಕ್ರಿಸ್ಪಿನಾ ನಟ್ಟನ್ನು ಬಿಗಿಯಲಿಲ್ಲ. ಸ್ಪ್ಯಾನರನ್ನು ಬೇಸಿನ್ನಿನ ಕೆಳಗೇ ಬಿಟ್ಟು ಮನೆಗೆ ಹೋದರು.

ಇವತ್ತು ಶುಕ್ರವಾರ, ಕೊನೆಯ ದಿನ. ಮೆಷಿನ್ ಮೊದಲ ಸಲ ತಿರುಗಿ ನೀರು ಉಗುಳುತ್ತದೆ, ಕಮೋಡು ಕಮಕ್ ಕಿಮಕ್ ಅನ್ನುವುದಿಲ್ಲ. ದೋನ್ ಬಾಲ್ದೊಮೇರೊ ನಲ್ಲಿಗಳನ್ನೆಲ್ಲ ಒಂದೇ ಸಲ ತಿರುಗಿಸಿ, ಕಷ್ಟಪಟ್ಟು ಬಗ್ಗಿ ಬೇಸಿನ್ನಿನ ಕೆಳಗೆ ಅಂಗೈ ಹಿಡಿಯುತ್ತಾರೆ. ಎದುವಿಹೆಸ್ ಬಾಗಿಲ ಚೌಕಟ್ಟು ಹಿಡಿದು ಆ ಅಂಗೈಯನ್ನೇ ನೋಡುತ್ತಿದ್ದಾರೆ. ಬಾಲ್ದೊಮೇರೊ ಕೈ ಹೊರತೆಗೆದು ನಮಗೆ ತೋರಿಸುತ್ತಾರೆ. ಒಣಗಿದೆ.

"ಒಂದು ಹನಿ ಇಲ್ಲ," ಅನ್ನುತ್ತಾರೆ ಬಾಲ್ದೊಮೇರೊ. ಮುದುಕನ ದನಿಯಲ್ಲಿ ನಿಜವಾದ ಗೌರವವಿದೆ. "ಚೊಕ್ಕ ಕೆಲಸ, ಮೇಸ್ತ್ರಿ. ಇನ್ನು ನಿಮ್ಮನ್ನ ಕರೆಯೋ ಪ್ರಮೇಯನೇ ಬರಲ್ಲ."

ಗುಡ್ಡದಲ್ಲಿ ಮೇಸ್ತ್ರಿಯೊಬ್ಬರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಕ್ರಿಸ್ಪಿನಾ ತಲೆಬಾಗಿ ಸ್ವೀಕರಿಸುತ್ತಾರೆ, ಕರಣೆ ತೊಳೆದು ಬಕೆಟ್ಟಿಗೆ ಹಾಕಿಕೊಳ್ಳುತ್ತಾರೆ. "ಹೋಗಿ ಬನ್ನಿ, ಕೊಮಾದ್ರೆ," ಅನ್ನುತ್ತಾರೆ ಎದುವಿಹೆಸ್. ನನಗಂತೂ ಆ ಮುದುಕನನ್ನು ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸುತ್ತದೆ.

ಮೆಟ್ಟಿಲಿಳಿಯುತ್ತ ನಾನು ಕೇಳಿಯೇಬಿಡುತ್ತೇನೆ. ಒಂದೇ ಒಂದು ನಟ್ಟು, ಬಿಡಬಹುದಿತ್ತಲ್ಲ?

ಕ್ರಿಸ್ಪಿನಾ ನಿಲ್ಲುತ್ತಾರೆ, ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾರೆ. "ರಾತ್ರಿಯೆಲ್ಲ ಅದನ್ನೇ ಯೋಚಿಸ್ದೆ ಮಗಳೇ, ಸುಳ್ಳು ಯಾಕೆ ಹೇಳ್ಲಿ? ಬೆಳಗ್ಗೆ ಬಂದು ಸ್ಪ್ಯಾನರ್ ಹಿಡ್ಕೊಂಡು ಕೂತೆ. ಆದ್ರೆ ಸೋರೋ ನೀರು ಎಲ್ಲಿಗೆ ಬರುತ್ತೆ? ಅವ್ರ ಕಾಲ ಕೆಳಗೇ ಅಲ್ವಾ? ಇನ್ನೊಂದ್ಸಲ ಬಿದ್ರೆ ಏಳಲ್ಲ ಅವ್ರು."

ಮತ್ತೆ ನಾಲ್ಕು ಮೆಟ್ಟಿಲಿಳಿಯುತ್ತಾರೆ. ಅಂಗಳ ಕಾಣಿಸುತ್ತದೆ.

"ಇಪ್ಪತ್ತಾರು ವರ್ಷ ಆಯ್ತು," ಅನ್ನುತ್ತಾರೆ, ತಿರುಗಿ ನೋಡದೆ. "ಕೆಲಸ ಮುಗಿದ ಮೇಲೆ ಒಂದು ಮನೆಯವ್ರೂ ನನ್ನ ವಾಪಸ್ ಕರೆದಿಲ್ಲ."