ಕುಚ್ಚು ಕಟ್ಟಿದ ಕಂಬಳಿ

ನನ್ನ ಓರಗಿತ್ತಿ ನನ್ನ ಕಂಬಳಿಯ ಅಂಚನ್ನು ಎಡಗಾಲಿನ ಹೆಬ್ಬೆರಳಿನಿಂದ ಎತ್ತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೋಗಲಿ ಬಿಡು ಎಂದು ನನ್ನ ಗಂಡ ಎಷ್ಟು ಸಲ ಹೇಳಿದರೋ. ಅವರಿಗೇನು, ಹೇಳುತ್ತಾರೆ. ಅವಳು ಗಂಡನ ಅಣ್ಣನ ಹೆಂಡತಿ, ಎದುರಿಗೆ ನಾನು ಅಕ್ಕ ಎಂದೇ ಕರೆಯುವುದು. ಬರೆಯುವಾಗ ಆ ಮರ್ಯಾದೆ ಕೊಡಲು ಕೈ ಬರುತ್ತಿಲ್ಲ.

ಅವತ್ತು ನನ್ನ ಮಗಳ ಮೊದಲ ಹುಟ್ಟುಹಬ್ಬ. ಮಧುಗಿರಿಯ ಇದೇ ಬಾಡಿಗೆ ಮನೆ. ಹಾಲಿನ ಸಿಮೆಂಟ್ ನೆಲ ಈ ಗೋಡೆಯಿಂದ ಆ ಗೋಡೆಯವರೆಗೆ ಬಿರುಕು ಬಿಟ್ಟಿತ್ತು. ಸರಿಮಾಡಿಸುತ್ತೇನೆ ಎನ್ನುತ್ತಲೇ ಓನರ್ ವರ್ಷ ಕಳೆದಿದ್ದರು. ಹೊಸ ಕಾರ್ಪೆಟ್ ನಮ್ಮ ಕೈಗೆ ಎಟುಕುವಂಥದ್ದಲ್ಲ. ಬಾಣಂತನ ಮುಗಿಸಿ ಹೊರಟಾಗ ಅಮ್ಮ ಕೊಟ್ಟಿದ್ದ ಕರಿ ಕಂಬಳಿ ಇತ್ತು, ಶಿರಾ ಕಡೆಯ ಮಗ್ಗದಲ್ಲಿ ನೇಯ್ದದ್ದು. ಅಂಚು ಮಾತ್ರ ಸವೆದು ಎಳೆ ಬಿಟ್ಟಿತ್ತು. ನಾನು ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು; ಮಿಕ್ಕ ರೇಷ್ಮೆ ದಾರದ ತುಂಡುಗಳು ಡಬ್ಬಿ ತುಂಬ ಇದ್ದವು. ಮಗು ಮಲಗಿದಾಗೆಲ್ಲ ಕೂತು ಸವೆದ ಅಂಚನ್ನು ಮಡಿಚಿ ಹೊಲಿದೆ. ಅರಿಶಿನ, ಗಿಳಿಹಸಿರು, ಕುಂಕುಮದ ಬಣ್ಣ, ಒಂದರ ಪಕ್ಕ ಒಂದು ಕುಚ್ಚು ಕಟ್ಟಿದೆ. ಹಾಸಿದ ಮೇಲೆ ಆ ಹಾಲು ನಮ್ಮದೇ ಅನ್ನಿಸಿತು. ಬಂದವರೆಲ್ಲ ಅದರ ಮೇಲೆ ಕೂತು, ಕುಚ್ಚು ಸವರಿ ನೋಡಿದರು.

ಅವಳು ಕೂರಲಿಲ್ಲ. ನಿಂತಲ್ಲೇ ಹೆಬ್ಬೆರಳಿನಿಂದ ಅಂಚು ಎತ್ತಿ, ಕೆಳಗಿನ ಬಿರುಕನ್ನು ಎಲ್ಲರಿಗೂ ತೋರಿಸಿದಳು.

"ನೋಡ್ರಮ್ಮ, ನೆಲದ ಬಿರುಕು ಮುಚ್ಚಕ್ಕೆ ಕಂಬ್ಳಿಗೂ ಕುಚ್ಚು ಕಟ್ಟವ್ಳೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ಇನ್ನೂ ಉರಿಯುವುದು. ನಮ್ಮಲ್ಲಿ ಕಂಬಳಿಯ ಮೇಲೆ ಕೂರಬಹುದು, ಅದನ್ನು ಕಾಲಿನಿಂದ ಎತ್ತಬಾರದು. ಅಪ್ಪಿತಪ್ಪಿ ಒದ್ದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅವಳು ಒತ್ತಿಕೊಳ್ಳಲಿಲ್ಲ. ಕಾಲಲ್ಲಿ ಎತ್ತಿದ್ದನ್ನು ಇವಳು ಒಂದು ದಿನ ಎರಡೂ ಕೈಯಲ್ಲಿ ಎತ್ತಬೇಕು, ಅದೂ ಇಷ್ಟೇ ಜನರ ಎದುರು ಎಂದು ಅವತ್ತೇ ಹಲ್ಲು ಕಚ್ಚಿಕೊಂಡು ಅಂದುಕೊಂಡೆ.

ಮೂರು ವರ್ಷ ಕಾದೆ. ಕೊರಟಗೆರೆಯಲ್ಲಿ ಅವರ ಹೊಸ ಮನೆ ಎದ್ದಿತು, ಮುಖ ಕಾಣುವಂಥ ಟೈಲ್ಸ್. ಗೃಹಪ್ರವೇಶಕ್ಕೆ ಒಂದು ವಾರ ಮುಂಚೆ ಕೆಲಸಕ್ಕೆ ಕೈಜೋಡಿಸಲು ಹೋದೆವು. ಮೆರೂನ್ ಬಣ್ಣದ ರತ್ನಗಂಬಳಿಯೊಂದನ್ನು ಬಿಚ್ಚಿ ತೋರಿಸಿದಳು. ಗದ್ದುಗೆಗೂ ಇದನ್ನೇ ಹಾಸುತ್ತಾಳಂತೆ, ಅಪ್ಪಟ ಉಣ್ಣೆಯಂತೆ, ಹಳೇ ಕರಿ ಕಂಬಳಿ ಈ ಮನೆಗೆ ಒಪ್ಪುವುದಿಲ್ಲವಂತೆ. ನಮ್ಮ ಮನೆತನದಲ್ಲಿ ಶುಭಕಾರ್ಯಕ್ಕೆ ಮೊದಲು ಉಣ್ಣೆಯ ಕಂಬಳಿ ಹಾಸಿ, ರಾಗಿ ರಾಶಿ ಹಾಕಿ, ಅದರ ಮೇಲೆ ಕಳಶ ಇಡಬೇಕು. ಅದೇ ಗದ್ದುಗೆ. ನಾನು ರತ್ನಗಂಬಳಿಯ ಕುಚ್ಚು ಮುಟ್ಟಿದೆ. ದಿನವಿಡೀ ದಾರ ಹಿಡಿಯುವ ಕೈ ಇದು, ಎರಡು ಬೆರಳಲ್ಲೇ ತಿಳಿಯಿತು. ಹೇಳಬಹುದಿತ್ತು. ಚೆನ್ನಾಗಿದೆ ಅಕ್ಕ ಎಂದೆ.

ಗೃಹಪ್ರವೇಶದ ದಿನ ನನ್ನ ಕಂಬಳಿಯನ್ನು ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಗದ್ದುಗೆ ಹಾಕುವವರು ಮಾವನವರ ಅಣ್ಣ, ನಮ್ಮ ದೊಡ್ಡಮಾವ. ಅವರು ರತ್ನಗಂಬಳಿಯನ್ನು ಸವರಿ ಅನುಮಾನಿಸುತ್ತಿದ್ದರು. ಪಕ್ಕದಲ್ಲಿ ನಿಂತು, ಒಂದೆಳೆ ಸುಟ್ಟು ನೋಡಿ ಎಂದು ಮೆಲ್ಲಗೆ ಹೇಳಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಅವರು ಎಳೆ ಕಿತ್ತು ದೀಪಕ್ಕೆ ಹಿಡಿದರು. ಅದು ಮುದುರಿ, ಕರಗಿ, ಗಟ್ಟಿ ಮಣಿಯಾಯಿತು.

"ಇದು ಪ್ಲಾಸ್ಟಿಕ್ಕು ಕಣಮ್ಮ. ಗದ್ದುಗೆಗೆ ಆಗಕಿಲ್ಲ."

ಅವಳ ಮುಖ ಕಪ್ಪಿಟ್ಟಿತು. ಮುಹೂರ್ತಕ್ಕೆ ಅರ್ಧ ಗಂಟೆಯೂ ಇರಲಿಲ್ಲ. ನಾನು ಎಲ್ಲರ ನಡುವೆ ಬ್ಯಾಗ್ ತೆರೆದೆ. ಅವಳು ತಾನೇ ಬಂದು, ನಿನ್ನ ಕಂಬಳಿ ಕೊಡವ್ವ ಎಂದು ಕೇಳಿದಳು.

"ನೀವೇ ಎತ್ಕೊಂಡೋಗಿ ಹಾಸಿ ಅಕ್ಕ. ಕೈಯಲ್ಲಿ."

ಅವಳಿಗೆ ಅರ್ಥವಾಯಿತು. ಎರಡೂ ಕೈಯಲ್ಲಿ ಎತ್ತಿದಳು, ಹಾಸಿದಳು, ನನ್ನ ಕುಚ್ಚಿಗೆ ಹಣೆ ತಾಗುವಂತೆ ಅಡ್ಡಬಿದ್ದಳು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಊಟವಾದ ಮೇಲೆ ಕಂಬಳಿ ಮಡಿಚಲು ಹೋದರೆ ದೊಡ್ಡಮಾವ ತಡೆದರು. ಗದ್ದುಗೆ ಹಾಕಿದ ಕಂಬಳಿ ಆ ಮನೆಯ ಹೊಸಿಲು ದಾಟುವಂತಿಲ್ಲ. ಮೂರು ವರ್ಷ ಲೆಕ್ಕ ಹಾಕಿದವಳಿಗೆ ಈ ಕಟ್ಟಳೆ ನೆನಪಾಗದೇ ಹೋಯಿತಲ್ಲ! ಅಮ್ಮನ ಕಂಬಳಿ ಅವಳ ದೇವರಕೋಣೆ ಸೇರಿತು. ಅವಳಿಗೆ ಜೀವ ಬಂತು. ಆ ಪ್ಲಾಸ್ಟಿಕ್ಕನ್ನು ಸುತ್ತಿ ನನ್ನ ಕೈಗಿಟ್ಟು, ತಗೊಂಡೋಗು, ಬಿರುಕು ಮುಚ್ಚಕ್ಕೆ ಏನಾರ ಬೇಕಲ್ಲ ಎಂದಳು.

ಅದನ್ನು ಮನೆಗೆ ತಂದೆ. ಬಿರುಕು ಮುಚ್ಚಲಿಲ್ಲ, ಬಾಯಿ ಬಿಟ್ಟುಕೊಂಡೇ ಇದೆ. ರತ್ನಗಂಬಳಿಯನ್ನು ನಾಲ್ಕು ತುಂಡು ಮಾಡಿ, ಹಳೇ ಸೀರೆಯ ಅಂಚನ್ನು ಸುತ್ತ ಹೊಲಿದು, ಒಂದನ್ನು ಬಚ್ಚಲ ಬಾಗಿಲಿಗೆ ಹಾಕಿದೆ. ಕುಚ್ಚು ಕಟ್ಟಲಿಲ್ಲ, ಅದಕ್ಕೆ ಅಷ್ಟು ಯೋಗ್ಯತೆ ಇಲ್ಲ.

ಯುಗಾದಿಗೆ ಅವಳು ಬಂದಳು. ಕಾಲು ತೊಳೆದುಕೊಂಡು ಬಚ್ಚಲಿನಿಂದ ಹೊರಬಂದವಳು ಕೆಳಗೆ ನೋಡಿ ಗುರುತು ಹಿಡಿದಳು. ನಾನು ಟವೆಲ್ ಕೊಡಲಿಲ್ಲ, ಎದುರಿಗೇ ನಿಂತಿದ್ದೆ. ಬಲಗಾಲು ಒರೆಸಿಕೊಂಡಳು. ಆಮೇಲೆ ಎಡಗಾಲು.